ಹೋಗಿ ಬರ್ತೀನಿ, ‘ಇತ್ತೆ ಕಿಮಸು’

ಜಪಾನಿ ಭಾಷೆಯ ಎನ್‌4 ಪರೀಕ್ಷೆಯನ್ನು (ಐದು ಹಂತಗಳಲ್ಲಿ ಕೆಳಗಿನಿಂದ ಎರಡನೆಯದು) ಮೊದಲ ಸಲ ಬರೆದಾಗ ನನಗೆ ಬಂದದ್ದು 99 ಅಂಕ. ಪಾಸಾಗಲು ಬೇಕಿದ್ದದ್ದು 180ಕ್ಕೆ 90. ಆದರೂ ಫೇಲ್ ಆಗಿದ್ದೆ. ರಾತ್ರಿ ಪಾಳಿ ಮುಗಿಸಿ ಜಯದೇವ ವೃತ್ತದ ಹತ್ತಿರ ಸಿಟಿ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಫಲಿತಾಂಶ ನೋಡಿದ್ದು. ಏನೋ ತಪ್ಪಾಗಿದೆ ಅಂತ ಮತ್ತೆ ಮತ್ತೆ ಪುಟ ತೆರೆದೆ. ಪದ, ವ್ಯಾಕರಣ, ಓದು ಸೇರಿ 120ಕ್ಕೆ 82 ಇತ್ತು. ಆಲಿಸುವ ಭಾಗದಲ್ಲಿ 60ಕ್ಕೆ 17. ಈ ಪರೀಕ್ಷೆಯಲ್ಲಿ ಒಟ್ಟು ಅಂಕ ಬಂದರೆ ಸಾಲದು, ಮೊದಲ ಭಾಗದಲ್ಲಿ ಕನಿಷ್ಠ 38, ಆಲಿಸುವುದರಲ್ಲಿ ಕನಿಷ್ಠ 19 ಬರಲೇಬೇಕು. ಎರಡು ಅಂಕ ಕಡಿಮೆ ಬಿದ್ದು, ಜುಲೈನಲ್ಲಿ ಮುಗಿಯಬೇಕಿದ್ದ ಕೆಲಸ ಡಿಸೆಂಬರ್‌ಗೆ ಹೋಯಿತು.

ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಜಪಾನಿನಲ್ಲಿ ವಯಸ್ಸಾದವರ ಆರೈಕೆಗೆ ಜನ ಸಾಲದೆ, 2019ರ ಏಪ್ರಿಲ್‌ನಿಂದ ಹೊರದೇಶದವರಿಗೆ ಒಂದು ಹೊಸ ವೀಸಾ ಶುರು ಮಾಡಿದ್ದಾರೆ. ಆರೈಕೆ ಕೆಲಸಕ್ಕೆ ಅಲ್ಲಿ ‘ಕೈಗೊ’ ಅನ್ನುತ್ತಾರೆ. ಅದಕ್ಕೆ ಕೌಶಲದ ಪರೀಕ್ಷೆ, ಆರೈಕೆಗೆ ಸಂಬಂಧಿಸಿದ ಭಾಷೆಯ ಪರೀಕ್ಷೆ ಎಲ್ಲ ಇವೆ. ಅವುಗಳ ಜೊತೆಗೆ ಸಾಮಾನ್ಯ ಜಪಾನಿ ಭಾಷೆ ಎನ್‌4 ಮಟ್ಟದಲ್ಲಿ ಬರುತ್ತದೆ ಅಂತ ತೋರಿಸಬೇಕು. ನನ್ನ ಓದು ಶುರುವಾದದ್ದು ಇದಕ್ಕಾಗಿ. ಈಗ ಭಾಷೆಯ ಮೇಲೇ ಪ್ರೀತಿ ಬಂದಿದೆ.

ಮೊದಲ ಸಲ ಎಲ್ಲಿ ಎಡವಿದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಊರುಗಳಿಂದ ಬರೆಯುವ ಬಹಳ ಜನ ಇದೇ ದಾರಿಯಲ್ಲಿ ಹೋಗುತ್ತಿದ್ದಾರೆ. ನಾನು ಸೇರಿದ್ದು ಒಂದು ಆನ್‌ಲೈನ್ ತರಗತಿಗೆ. ಪಾಠ ಇಂಗ್ಲಿಷಿನಲ್ಲಿ, ಜಪಾನಿ ಪದಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳುವುದು. ಇಂಗ್ಲಿಷ್ ಅಕ್ಷರದಲ್ಲಿ ಅವಸರಕ್ಕೆ ಬರೆದರೆ ಹ್ರಸ್ವ ಯಾವುದು, ದೀರ್ಘ ಯಾವುದು ಅನ್ನುವುದು ಉಳಿಯುವುದಿಲ್ಲ. ಜಪಾನಿಯಲ್ಲಿ ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು. ‘ಕಿತ್ತೆ’ ಅಂದರೆ ಅಂಚೆಚೀಟಿ. ‘ಯೊಕ್ಕ’ ನಾಲ್ಕನೇ ತಾರೀಖು, ‘ಯೋಕ’ ಎಂಟನೇ ತಾರೀಖು. ‘ಬ್ಯೋಇನ್’ ಆಸ್ಪತ್ರೆ, ‘ಬಿಯೋಇನ್’ ಬ್ಯೂಟಿ ಪಾರ್ಲರ್. ನನ್ನ ಪುಸ್ತಕದಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಥರ ಬರೆದಿದ್ದವು. ಕಣ್ಣಿಗೆ ಒಂದೇ ಆಗಿದ್ದದ್ದು ಕಿವಿಗೆ ಬೇರೆಯಾಗಿ ಹೇಗೆ ಕೇಳಿಸಬೇಕು? ಕನ್ನಡದಲ್ಲಾದರೆ ಒಂದು ಒತ್ತಕ್ಷರ, ಒಂದು ದೀರ್ಘ ಸಾಕು. ಒಂದನೇ ತರಗತಿಯಲ್ಲಿ ಕಲಿತದ್ದನ್ನೇ ಪಕ್ಕಕ್ಕಿಟ್ಟು ಕೂತಿದ್ದೆ.

ದಾರಿ ತೋರಿಸಿದ್ದು ಅಜ್ಜಿ. ಒಂದು ಸಂಜೆ ಡ್ಯೂಟಿಗೆ ಹೊರಡುವಾಗ ಅವಸರದಲ್ಲಿ “ಅಜ್ಜಿ, ಹೋಗ್ತೀನಿ” ಅಂದೆ. “ಹೋಗ್ತೀನಿ ಅಂತಾರೇನು? ಹೋಗಿ ಬರ್ತೀನಿ ಅನ್ನವ್ವ” ಅಂತ ಬಾಗಿಲಲ್ಲೇ ನಿಲ್ಲಿಸಿದಳು. ಬಸ್ಸಿನಲ್ಲಿ ಕೂತ ಮೇಲೆ ಥಟ್ಟನೆ ಹೊಳೆಯಿತು. ಜಪಾನಿನಲ್ಲಿ ಮನೆಯಿಂದ ಹೊರಡುವವರು ಹೇಳುವುದು ‘ಇತ್ತೆ ಕಿಮಸು’. ‘ಇತ್ತೆ’ ಅಂದರೆ ಹೋಗಿ, ‘ಕಿಮಸು’ ಅಂದರೆ ಬರ್ತೀನಿ. ಮನೆಯಲ್ಲಿ ಉಳಿದವರು ‘ಇತ್ತೆರಶ್ಶಯ್’ ಅನ್ನುತ್ತಾರೆ, ಹೋಗಿ ಬಾ ಅಂತ. ನನ್ನ ಟಿಪ್ಪಣಿಯಲ್ಲಿ ಇದಕ್ಕೆ ‘ನಾನು ಹೊರಡುತ್ತಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಇತ್ತು. ಬರುವ ಮಾತೇ ಅದರಲ್ಲಿ ಇರಲಿಲ್ಲ.

ಮರುದಿನವೇ ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದು, ಬಲಪುಟದಲ್ಲಿ ಜಪಾನಿ ವಾಕ್ಯ, ಅದರ ಕೆಳಗೆ ಉಚ್ಚಾರಣೆ ಮತ್ತು ಅರ್ಥ ಕನ್ನಡದಲ್ಲಿ, ಎಡಪುಟ ಖಾಲಿ ಅಂತ ಶುರು ಮಾಡಿದೆ. ವ್ಯಾಕರಣದ ಐವತ್ತು ಪಾಠಗಳನ್ನೂ ಹೊಸದಾಗಿ ಹಾಗೆ ಬರೆದೆ. ಬರೆಯುತ್ತಾ ಹೋದಂತೆ, ಇಂಗ್ಲಿಷಿನಲ್ಲಿ ಅರ್ಧ ಪುಟದ ನಿಯಮ ಆಗಿದ್ದದ್ದು ಕನ್ನಡದಲ್ಲಿ ಒಂದು ಪದ ಆಯಿತು. ‘ತಬೆತೆ ಮಿರು’ ಅಂದರೆ ತಿಂದು ನೋಡು. ‘ಮಿರು’ ಅಂದರೆ ನೋಡು, ಪದಕ್ಕೆ ಪದ ಹೊಂದುತ್ತದೆ. ‘ಶಿತೆ ಒಕು’ ಮಾಡಿ ಇಡು. ‘ಶಿತೆ ಶಿಮೌ’ ಮಾಡಿಬಿಡು. ‘ಅಮೆ ಗ ಫುತ್ತರ’ ಮಳೆ ಬಂದರೆ, ‘ಅಮೆ ಗ ಫುತ್ತೆಮೊ’ ಮಳೆ ಬಂದರೂ. ‘ದರೆಕ’ ಯಾರೋ, ‘ದರೆಮೊ’ ಯಾರೂ. ‘ಕಿನೋ ಕತ್ತ ಹೊನ್’ ನಿನ್ನೆ ಕೊಂಡ ಪುಸ್ತಕ, ಅದೇ ಕ್ರಮ, ಒಂದು ಪದವೂ ಹಿಂದೆ ಮುಂದೆ ಆಗುವುದಿಲ್ಲ. ರೋಗಿ ನಮಗೆ ‘ಜ್ವರ ಇದೆ’ ಅಂದ ಹಾಗೇ ಅಲ್ಲಿ ‘ನೆತ್ಸು ಗ ಅರು’. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯವನ್ನು ತಲೆಯಲ್ಲಿ ತಿರುಗಿಸುವ ಕೆಲಸವೇ ಇಲ್ಲ. ಕೇಳುತ್ತಾ ಕೇಳುತ್ತಾ ಅರ್ಥ ಆಗುತ್ತದೆ. ಆಲಿಸುವ ಪರೀಕ್ಷೆಯಲ್ಲಿ ಬೇಕಾದದ್ದು ಇದೇ, ಅಲ್ಲಿ ಧ್ವನಿ ಒಂದೇ ಸಲ ಬರುತ್ತದೆ.

ಅಕ್ಷರಗಳ ವಿಷಯದಲ್ಲೂ ನಮಗೆ ಅನುಕೂಲ ಇದೆ. ಹಿರಾಗಾನ, ಕತಾಕಾನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರ. ಅವುಗಳ ಕೋಷ್ಟಕ ಅ ಇ ಉ ಎ ಒ, ಆಮೇಲೆ ಕ ಕಿ ಕು ಕೆ ಕೊ ಅಂತ ಕಾಗುಣಿತದ ಹಾಗೆ ಸಾಗುತ್ತದೆ. ಇದು ಕಾಕತಾಳೀಯವಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಓದುತ್ತಿದ್ದರು, ಆ ಓದಿನಿಂದ ಬಂದ ಕ್ರಮ ಅದು. ಪ್ರಶ್ನೆಪತ್ರಿಕೆ ಪೂರ್ತಿ ಈ ಲಿಪಿಗಳಲ್ಲೂ ಕಾಂಜಿಯಲ್ಲೂ ಇರುವುದರಿಂದ ಕನ್ನಡದ ಉಚ್ಚಾರಣೆ ಕಿವಿಗೆ ಮಾತ್ರ, ಕಣ್ಣಿಗೆ ಜಪಾನಿ ಅಕ್ಷರವೇ ಆಗಬೇಕು. ಇದನ್ನು ಮರೆತರೆ ನಾನು ಮಾಡಿದ ತಪ್ಪನ್ನೇ ಬೇರೆ ಲಿಪಿಯಲ್ಲಿ ಮಾಡಿದ ಹಾಗಾಗುತ್ತದೆ.

ಕಾಂಜಿ ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. 2010ರಲ್ಲಿ ಪರೀಕ್ಷೆಯನ್ನು ನಾಲ್ಕರಿಂದ ಐದು ಹಂತಕ್ಕೆ ಬದಲಾಯಿಸಿದ ಮೇಲೆ, ಯಾವ ಹಂತಕ್ಕೆ ಎಷ್ಟು ಪದ ಅಂತ ಅಧಿಕೃತ ಪಟ್ಟಿ ಕೊಡುವುದನ್ನು ನಿಲ್ಲಿಸಿದ್ದಾರೆ. ಹಳೆಯ ಮೂರನೇ ಹಂತಕ್ಕೆ ಸುಮಾರು 300 ಕಾಂಜಿ, 1500 ಪದ ಇತ್ತು, ಎನ್‌4 ಅದಕ್ಕೆ ಹತ್ತಿರ. ನಾನು ಅದನ್ನೇ ಹಿಡಿದು, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ದಿನಕ್ಕೆ ಐದು ಕಾಂಜಿ ಬರೆದೆ. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು, ಮೂರು ಬರೆದರೆ ಕಾಡು. ಮರದ ಪಕ್ಕ ಮನುಷ್ಯ ಬಂದರೆ ವಿಶ್ರಾಂತಿ. ಒಂದೇ ಅಕ್ಷರಕ್ಕೆ ಎರಡು ಮೂರು ಓದು ಯಾಕೆ ಅಂತ ಗೋಳಾಡುವವರಿದ್ದಾರೆ. ನಮ್ಮಲ್ಲಿ ಕುಡಿಯುವಾಗ ನೀರು, ‘ಜಲಾಶಯ’ ಅನ್ನುವಾಗ ಜಲ. ಅಲ್ಲಿಯೂ ಹಾಗೇ, ಬಿಡಿಯಾಗಿ ‘ಮಿಜು’, ಜೋಡುಪದದಲ್ಲಿ ‘ಸುಯ್’. ವಾರದ ಹೆಸರುಗಳನ್ನಂತೂ ನಾನು ಬಾಯಿಪಾಠ ಮಾಡಲೇ ಇಲ್ಲ. ಬುಧವಾರ ಅವರಿಗೆ ನೀರಿನ ವಾರ, ಬುಧಗ್ರಹ ಅವರಿಗೆ ನೀರಿನ ಗ್ರಹ. ಗುರುವಾರ ಮರದ್ದು, ಗುರುಗ್ರಹವೂ ಮರದ್ದು. ಸೂರ್ಯನಿಂದ ಶನಿಯವರೆಗೆ ಏಳೂ ಹೀಗೇ ಹೊಂದುತ್ತವೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. ನಾವು ‘ಆಸ್ಪತ್ರೆಯಲ್ಲಿ ಇದ್ದೇನೆ’, ‘ಆಸ್ಪತ್ರೆಯಲ್ಲಿ ಕೆಲಸ ಮಾಡ್ತೇನೆ’ ಎರಡಕ್ಕೂ ‘ಅಲ್ಲಿ’ ಹಚ್ಚುತ್ತೇವೆ. ಜಪಾನಿಯಲ್ಲಾದರೆ, ಇರುವುದಕ್ಕೆ ‘ನಿ’, ಮಾಡುವುದಕ್ಕೆ ‘ದೆ’. ‘ವ’ ಮತ್ತು ‘ಗ’ ಪ್ರತ್ಯಯಗಳ ವ್ಯತ್ಯಾಸಕ್ಕೆ ಕನ್ನಡದಲ್ಲಿ ಸಾಟಿಯೇ ಸಿಗಲಿಲ್ಲ, ವಾಕ್ಯಗಳನ್ನು ಕೇಳಿ ಕೇಳಿಯೇ ರೂಢಿಯಾಗಬೇಕು. ನನ್ನನ್ನು ಹೆಚ್ಚು ಕಾಡಿದ್ದು ‘ಕೊಡು’. ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಬೇರೆಯವರು ನನಗೆ ಕೊಟ್ಟರೆ ‘ಕುರೆರು’. ವಾರ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕೇರಳದ ಹುಡುಗಿಗೆ ಇದನ್ನು ಹೇಳಿದರೆ, “ಇದರಲ್ಲೇನಿದೆ, ನಮ್ಮಲ್ಲೂ ಹಾಗೇ” ಅಂದುಬಿಟ್ಟಳು. ಮಲಯಾಳಂನಲ್ಲಿ ನನಗೆ ಕೊಡುವುದಕ್ಕೆ ‘ತರು’, ಮೂರನೆಯವರಿಗೆ ಕೊಡುವುದಕ್ಕೆ ‘ಕೊಡುಕ್ಕು’ ಅಂತ ಬೇರೆ ಬೇರೆ ಪದ. ಅವತ್ತಿನಿಂದ ಗೊಂದಲ ಬಂದಾಗಲೆಲ್ಲ ಅವಳ ಬಾಯಲ್ಲಿ ಆ ವಾಕ್ಯ ಹೇಳಿಸಿ ಸರಿ ಮಾಡಿಕೊಂಡೆ.

ಲೆಕ್ಕ ಕಲಿತದ್ದು ವಾರ್ಡಿನಲ್ಲೇ. ಜಪಾನಿಯಲ್ಲಿ ವಸ್ತುವಿನ ಆಕಾರಕ್ಕೆ ತಕ್ಕಂತೆ ಎಣಿಕೆಯ ಪದ ಬದಲಾಗುತ್ತದೆ. ಪಾಳಿ ಬದಲಾಗುವಾಗ ಹೇಗೂ ಸಾಮಾನು ಎಣಿಸಬೇಕಲ್ಲ, ಬೆಡ್‌ಶೀಟನ್ನು ‘ಇಚಿಮಯ್, ನಿಮಯ್’ ಅಂತಲೂ ಸಿರಿಂಜನ್ನು ‘ಇಪ್ಪೊನ್, ನಿಹೊನ್, ಸಂಬೊನ್’ ಅಂತಲೂ ಮನಸ್ಸಿನಲ್ಲೇ ಎಣಿಸಿದೆ. ಜನರನ್ನು ಎಣಿಸುವುದು ನಮಗೆ ಸಲೀಸು. ನಾವು ಒಬ್ಬರು, ಇಬ್ಬರು ಅಂತ ಹೇಳಿ ಆಮೇಲೆ ಮೂರು ಜನ ಅನ್ನುತ್ತೇವೆ. ಅವರೂ ‘ಹಿತೊರಿ, ಫುತರಿ’ ಎರಡನ್ನು ಮಾತ್ರ ಬೇರೆ ಇಟ್ಟು, ಮೂರರಿಂದ ‘ಸನ್ನಿನ್’ ಅಂತ ಸಂಖ್ಯೆಗೆ ‘ನಿನ್’ ಸೇರಿಸುತ್ತಾರೆ.

ಇನ್ನು ಕಿವಿ. ಪರೀಕ್ಷೆ ನಡೆಸುವವರ ಜಾಲತಾಣದಲ್ಲೇ ಮಾದರಿ ಪ್ರಶ್ನೆಗಳೂ ಅವುಗಳ ಧ್ವನಿಯೂ ಉಚಿತವಾಗಿ ಸಿಗುತ್ತವೆ. ರಾತ್ರಿ ಪಾಳಿ ಇಲ್ಲದ ವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತಾ ಕೇಳುತ್ತಿದ್ದೆ. ಬರೀ ಕೇಳಿದರೆ ಪ್ರಯೋಜನ ಕಡಿಮೆ ಅಂತ ಹದಿನೈದು ದಿನಕ್ಕೇ ಗೊತ್ತಾಯಿತು. ಧ್ವನಿಯ ಬೆನ್ನಿಗೇ ಗಟ್ಟಿಯಾಗಿ ಹೇಳಬೇಕು, ಅರ್ಧ ಉಸಿರು ಹಿಂದೆ. ಆಗ ‘ಕಿಮಸು’ ಅನ್ನುವುದರ ಕೊನೆಯ ಉಕಾರ ಅವರ ಬಾಯಲ್ಲಿ ಕೇಳಿಸುವುದೇ ಇಲ್ಲ ಅನ್ನುವಂಥ ಸಣ್ಣ ಸಂಗತಿಗಳು ನಮ್ಮ ನಾಲಿಗೆಗೆ ಬರುತ್ತವೆ. ವಾಕಿಂಗ್ ಬಂದವರು ತಿರುಗಿ ನೋಡುತ್ತಿದ್ದರು. ಒಬ್ಬ ಹಿರಿಯರು ವಿಷಯ ತಿಳಿದ ಮೇಲೆ ದಿನಾ “ಎಲ್ಲಿಗೆ ಬಂತಮ್ಮ ಪಾಠ?” ಅಂತ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡಬೇಕಲ್ಲ ಅಂತಲೇ ತಪ್ಪಿಸದೆ ಹೋದ ದಿನಗಳಿವೆ.

ಎನ್‌4ರಲ್ಲಿ ಆಲಿಸುವ ಪ್ರಶ್ನೆ ನಾಲ್ಕು ಬಗೆ. ಮೊದಲ ಬಗೆಯಲ್ಲಿ ‘ಈಕೆ ಮೊದಲು ಏನು ಮಾಡುತ್ತಾಳೆ’ ಅಂತ ಕೇಳಿ ಸಂಭಾಷಣೆ ಹಾಕುತ್ತಾರೆ. ಮಾತಿನ ನಡುವೆ ಕೆಲಸಗಳು ಒಂದರ ಮೇಲೊಂದು ಬಂದು, ಕೊನೆಗೆ ‘ಬೇಡ, ಅದಕ್ಕಿಂತ ಮುಂಚೆ ಇದು’ ಅಂತ ಕ್ರಮ ಬದಲಾಗಬಹುದು. ಮೊದಲು ಕೇಳಿದ ಪದಕ್ಕೇ ಗುರುತು ಹಾಕಿದರೆ ತಪ್ಪುತ್ತದೆ. ನಮಗೆ ಪಾಳಿ ಒಪ್ಪಿಸುವಾಗ ಇದೇ ಅಭ್ಯಾಸ, ಯಾವ ಬೆಡ್ಡಿಗೆ ಮೊದಲು ಇಂಜೆಕ್ಷನ್, ಯಾವುದು ಆಮೇಲೆ. ಆ ಕಿವಿಯಿಂದಲೇ ಕೇಳಲು ಶುರು ಮಾಡಿದ ಮೇಲೆ ಈ ಭಾಗ ಹಗುರಾಯಿತು. ಕಷ್ಟ ಕೊನೆಯ ಬಗೆಯದು. ಅಲ್ಲಿ ಹಾಳೆಯ ಮೇಲೆ ಏನೂ ಇರುವುದಿಲ್ಲ. ಒಂದು ಮಾತು, ಅದಕ್ಕೆ ಮೂರು ಉತ್ತರ, ಎಲ್ಲ ಕಿವಿಗೇ. ಒಂದು ಪ್ರಶ್ನೆ ತಪ್ಪಿತು ಅಂತ ಅದನ್ನೇ ಯೋಚಿಸುತ್ತಾ ಕೂತರೆ ಮುಂದಿನ ಎರಡು ಹೋಗುತ್ತವೆ. ಮೊದಲ ಸಲ ನನಗೆ ಆದದ್ದು ಇದೇ, ಮೂರು ಉತ್ತರ ಖಾಲಿ ಬಿಟ್ಟು ಬಂದಿದ್ದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡಿ.

ಪರೀಕ್ಷೆ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ, ನಮಗೆ ಬೆಂಗಳೂರಿಗೇ ಹೋಗಬೇಕು. ಜುಲೈನಲ್ಲಿ ಶನಿವಾರ ರಾತ್ರಿ ಬಸ್ಸು ಹತ್ತಿ ನಿದ್ದೆಗಣ್ಣಿನಲ್ಲಿ ಪರೀಕ್ಷೆಗೆ ಕೂತಿದ್ದೆ. ಆಲಿಸುವ ಭಾಗ ಬರುವುದು ಕೊನೆಯಲ್ಲಿ, ಪದಗಳಿಗೆ 25 ನಿಮಿಷ, ವ್ಯಾಕರಣ ಮತ್ತು ಓದಿಗೆ 55 ನಿಮಿಷ ಮುಗಿದ ಮೇಲೆ. ಅಷ್ಟು ಹೊತ್ತಿಗೆ ತಲೆ ಭಾರ. ಡಿಸೆಂಬರ್‌ನಲ್ಲಿ ಶನಿವಾರ ಮಧ್ಯಾಹ್ನದ ರೈಲಿಗೇ ಹೋಗಿ ಯಶವಂತಪುರದ ಚಿಕ್ಕಮ್ಮನ ಮನೆಯಲ್ಲಿ ಮಲಗಿದೆ. ಚೀಲದಲ್ಲಿ ಪ್ರವೇಶಪತ್ರ, ಗುರುತಿನ ಚೀಟಿ, ಎರಡು ಎಚ್‌ಬಿ ಪೆನ್ಸಿಲ್, ರಬ್ಬರ್. ಮೊಬೈಲ್ ಚಿಕ್ಕಮ್ಮನ ಮನೆಯಲ್ಲೇ ಬಿಟ್ಟೆ, ಪರೀಕ್ಷೆಯ ಕೋಣೆಯಲ್ಲಿ ಅದು ಸದ್ದು ಮಾಡಿದರೆ ಪರೀಕ್ಷೆಯಿಂದಲೇ ಹೊರಗೆ. ಆಲಿಸುವ 35 ನಿಮಿಷದಲ್ಲಿ ಒಂದು ಕಡೆ ‘ಯೋಕ’ ಅಂತ ಬಂತು. ದೀರ್ಘ ಸ್ಪಷ್ಟವಾಗಿ ಕೇಳಿಸಿತು. ಎಂಟನೇ ತಾರೀಖು ಅಂತ ಗುರುತು ಹಾಕುವಾಗ ಕೈ ಅನುಮಾನ ಪಡಲಿಲ್ಲ.

ಜನವರಿಯಲ್ಲಿ ಫಲಿತಾಂಶ ಬಂತು. ಒಟ್ಟು 121, ಅದರಲ್ಲಿ ಆಲಿಸಿದ್ದಕ್ಕೆ 39. ಈಗ ಆರೈಕೆಯ ಪರೀಕ್ಷೆಗೆ ಬೇಕಾದ ಪದಗಳನ್ನು ಹೊಸ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಹಳೆಯದನ್ನು ಕೇರಳದ ಹುಡುಗಿ ತಗೊಂಡು ಹೋಗಿದ್ದಾಳೆ. ಬರುವ ಜುಲೈಗೆ ಅವಳೂ ಎನ್‌5 ಕಟ್ಟುವವಳಿದ್ದಾಳೆ. ನಾನು ಖಾಲಿ ಬಿಟ್ಟ ಎಡಪುಟಗಳಲ್ಲಿ ಮಲಯಾಳಂ ತುಂಬುತ್ತಿದೆ.