ವಾಷಿಂಗ್‌ನವರ ಜೊತೆ ನಮ್ಮ ಜಗಳ ನಿಂತಿದ್ದು ಹೀಗೆ

ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಘಟಕ. ಡೆನಿಮ್ ಬಟ್ಟೆ ಅಹಮದಾಬಾದ್‌ನಿಂದ ಬರುತ್ತದೆ. ಕಟಿಂಗ್ ನಮ್ಮಲ್ಲೇ, ಹೊಲಿಗೆ ಕೌಲ್ ಬಜಾರ್ ಕಡೆ ಜಾಬ್ ವರ್ಕ್, ಅಂದರೆ ಕೂಲಿ ಕೊಟ್ಟು ಹೊರಗೆ ಮಾಡಿಸುವುದು. ಆಮೇಲೆ ವಾಷಿಂಗ್, ಅಂದರೆ ಹೊಲಿದ ಪ್ಯಾಂಟ್‌ಗಳನ್ನು ಬೇರೆಯವರ ಯೂನಿಟ್‌ನಲ್ಲಿ ಮಷಿನ್‌ಗೆ ಹಾಕಿ ತೊಳೆಸುವುದು. ಜೀನ್ಸ್‌ಗೆ ಬಣ್ಣ, ಮೆತ್ತಗಿನ ಹದ ಬರೋದು ಅಲ್ಲೇ. ನಮ್ಮ ಜಗಳ ಶುರುವಾಗುತ್ತಿದ್ದದ್ದೂ ಅಲ್ಲೇ.

ಪ್ರತಿ ಲಾಟ್‌ನಲ್ಲೂ ಒಂದಷ್ಟು ಪೀಸ್ ಗಿಡ್ಡ, ಒಂದಷ್ಟರ ಬಣ್ಣ ಬೇರೆ. ನಾನು ಬಿಲ್ಲಿನಲ್ಲಿ ದುಡ್ಡು ಹಿಡಿಯುತ್ತಿದ್ದೆ. ಅವರು ಮುಂದಿನ ಲಾಟ್ ತಡ ಮಾಡುತ್ತಿದ್ದರು. ಎರಡು ವರ್ಷದಲ್ಲಿ ಮೂರು ಯೂನಿಟ್ ಬದಲಿಸಿದೆ. ತೊಂದರೆ ಹಾಗೇ ಇತ್ತು.

ಮೂರನೆಯವರು ಒಂದು ದಿನ, "ಅಣ್ಣಾ, ಬಿಲ್ ಆಮೇಲೆ ನೋಡೋಣ. ಒಂದು ಲಾಟ್ ಮುಗಿಯೋವರೆಗೂ ಇಲ್ಲೇ ನಿಂತು ನೋಡಿ" ಎಂದರು. ನಿಂತೆ. ಒಂದೇ ಮಷಿನ್, ಒಂದೇ ನೀರು, ಒಂದೇ ಟೈಮು. ಆದರೂ ಪ್ಯಾಂಟ್‌ಗಳು ಬೇರೆ ಬೇರೆ ಉದ್ದಕ್ಕೆ ಬಂದವು. ತಪ್ಪು ನನ್ನ ಕಟಿಂಗ್ ಟೇಬಲ್ ಮೇಲೇ ಆಗಿತ್ತು. ಸಿಕ್ಕ ರೋಲ್‌ಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಒಂದೇ ಪ್ಯಾಟರ್ನ್ (ಅಳತೆಯ ಅಚ್ಚು) ಇಟ್ಟು ಕತ್ತರಿಸುತ್ತಿದ್ದೆವು. ಒಂದು ರೋಲ್ ಶೇಕಡಾ 2ರಷ್ಟು, ಇನ್ನೊಂದು 5ರಷ್ಟು ಕುಗ್ಗಿದರೆ 32 ಇಂಚಿನ ಕಾಲಿನಲ್ಲಿ ಹತ್ತಿರ ಹತ್ತಿರ ಒಂದು ಇಂಚು ಫರಕು. ಅದನ್ನು ವಾಷಿಂಗ್‌ನವರು ಹೇಗೆ ಸರಿ ಮಾಡಬೇಕು? ಅವರಿಂದ ಹಿಡಿದ ಹಣ ನೆನೆದು ಅವತ್ತು ನನಗೆ ಬಹಳ ಬೇಜಾರಾಯಿತು. ಇವರದ್ದನ್ನು ವಾಪಸ್ ಕೊಟ್ಟೆ.

ಈಗ ಪ್ರತಿ ರೋಲ್‌ನಿಂದ ಒಂದು ತುಂಡು ತೆಗೆಯುತ್ತೇವೆ. ಅದರ ಮೇಲೆ 50 ಸೆಂಟಿಮೀಟರ್ ಚೌಕ ಗುರುತು ಹಾಕಿ, ರೋಲ್ ನಂಬರ್ ಬರೆದು ಕಳಿಸುತ್ತೇವೆ. ಆ ಲಾಟ್‌ಗೆ ಕೊಡಬೇಕಾದ ವಾಷನ್ನೇ ಅವರು ಅದಕ್ಕೂ ಕೊಡುತ್ತಾರೆ. ಒಣಗಿದ ಮೇಲೆ ಅಳೆಯುತ್ತಾರೆ. ಉದ್ದ 48.5ಕ್ಕೆ ಬಂದರೆ ಕುಗ್ಗಿದ್ದು ಶೇಕಡಾ 3. ಒಂದೇ ರೀತಿ ಕುಗ್ಗುವ ರೋಲ್‌ಗಳದ್ದು ಒಂದು ಗುಂಪು, ಕುಗ್ಗುವಷ್ಟು ಉದ್ದ ಸೇರಿಸಿ ಗುಂಪಿಗೊಂದು ಪ್ಯಾಟರ್ನ್. ಅದೇ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಬಣ್ಣವನ್ನೂ ಇಬ್ಬರೂ ಸೇರಿ ನೋಡುತ್ತೇವೆ. ಈ ಕೆಲಸಕ್ಕೆ ಬೇರೆಯಾಗಿ ದುಡ್ಡು ಕೊಡುತ್ತೇನೆ. ಸುಮ್ನೆ ಮಾಡಿಸಿಕೊಂಡರೆ ಎಷ್ಟು ದಿನ ಮಾಡ್ತಾರೆ, ಅಲ್ವಾ?

ಪೇಮೆಂಟ್ ಮೊದಲು ಮೂರು ತಿಂಗಳು ಎಳೆಯುತ್ತಿದ್ದೆ. ಸಣ್ಣ ಘಟಕಗಳ ಬಾಕಿಯನ್ನು 45 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಎಂದು 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯೇ ಹೇಳುತ್ತದೆ. ಈಗ ಲಾಟ್ ಬಂದ ವಾರದ ಶನಿವಾರವೇ ಲೆಕ್ಕ ಚುಕ್ತಾ. ದೀಪಾವಳಿ ಆರ್ಡರ್ ಎಷ್ಟು ಎಂದು ಎರಡು ತಿಂಗಳು ಮೊದಲೇ ತಿಳಿಸುತ್ತೇನೆ. ಅವರು ನೀರು, ಆಳು ನೋಡಿಕೊಳ್ಳಬೇಕಲ್ಲ.

ತೊಳೆದ ತುಂಡುಗಳ ಫೋಟೋವನ್ನು ಬಟ್ಟೆ ಕಳಿಸುವವರಿಗೂ ಕಳಿಸಲು ಶುರು ಮಾಡಿದ್ದೇನೆ. ಮುಂದಿನ ಸಲ ಒಂದೇ ಲಾಟ್‌ನ ರೋಲ್‌ಗಳನ್ನು ಬೇರೆಯಾಗಿ ಗುರುತು ಹಾಕಿ ಕಳಿಸಲು ಅವರು ಒಪ್ಪಿದ್ದಾರೆ.