ಕಿವಿ ಕೊಟ್ಟು ಆಡಿದ ಮಾಡರ್ನ್ ವಾರ್‌ಫೇರ್

ನನ್ನದು ಸೌಂಡ್ಸ್ ಕೆಲಸ. ಮಂಗಳೂರಿನ ಸುತ್ತಮುತ್ತ ಯಕ್ಷಗಾನ ಬಯಲಾಟ, ನೇಮ, ಮದುವೆ, ಭಜನೆ, ಎಲ್ಲಿ ಮೈಕ್ ಕಟ್ಟಬೇಕೋ ಅಲ್ಲಿ ನಾವು. ಹಾಗಾಗಿ ವಿಡಿಯೋ ಗೇಮ್ ಬಗ್ಗೆ ಬರೆಯಲು ಕೂತರೂ ಮೊದಲು ಬಾಯಿಗೆ ಬರುವುದು ಶಬ್ದದ ಮಾತೇ. ಗ್ರಾಫಿಕ್ಸ್ ಎಷ್ಟು ಚಂದ ಅಂತ ಬೇರೆಯವರು ಬೇಕಾದಷ್ಟು ಹೇಳಿಯಾಗಿದೆ.

ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ ಎಂಬ ಯುದ್ಧದ ಶೂಟರ್ ಆಟ ಬಂದದ್ದು 2019ರ ಅಕ್ಟೋಬರ್ 25ಕ್ಕೆ. ನಾನು ಆಡಿದ್ದು ಮರುವರ್ಷ, ಲಾಕ್‌ಡೌನಿನಲ್ಲಿ. ನಮ್ಮ ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವುದು ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ. ಆ ವರ್ಷ ಮಾರ್ಚಿನಲ್ಲೇ ಬಿಚ್ಚಿದವು. ಸೀಸನ್ನಿನ ಸಂಪಾದನೆ ಹೋಯಿತು, ಆಂಪ್ಲಿಫೈಯರುಗಳು ಗೋಡೌನಿನಲ್ಲಿ, ನಾನು ಕಂಪ್ಯೂಟರಿನ ಮುಂದೆ. ಉಡುಪಿಯಲ್ಲಿರುವ ಅಣ್ಣನ ಮಗ ಫೋನು ಮಾಡಿ, "ಚಿಕ್ಕಪ್ಪ, ಹೇಗೂ ಖಾಲಿ ಕೂತಿದ್ದೀರಲ್ಲ, ಇದೊಂದು ಹಾಕಿ ನೋಡಿ. ಬೇರೆ ಎಂತ ಇಲ್ಲದಿದ್ರೂ ಇದರ ಸೌಂಡು ನಿಮಗೆ ಹಿಡಿಸ್ತದೆ" ಅಂದ.

ಹಾಕುವುದೇ ಒಂದು ಕೆಲಸವಾಯಿತು. ಪಿಸಿಗೆ ಬೇಕೆಂದು ಕಂಪನಿ ಹೇಳಿದ ಜಾಗವೇ 175 ಜಿಬಿ. ಅಪ್‌ಡೇಟುಗಳು ಸೇರುತ್ತಾ ಹೋಗಿ ಅದು 200 ದಾಟಿತು. ಒಂದು ಇಡೀ ರಾತ್ರಿಯ ಬಯಲಾಟವನ್ನು ಒಳ್ಳೆಯ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿದರೂ ಇದರ ಹತ್ತನೇ ಒಂದು ಪಾಲು ಜಾಗ ಬೇಡ. ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಸಾಗಿಸಿ, ರಾತ್ರಿ ಡೌನ್‌ಲೋಡಿಗೆ ಇಟ್ಟು ಮಲಗುವುದು, ಬೆಳಿಗ್ಗೆ ಎದ್ದು ಎಷ್ಟಾಯಿತು ಅಂತ ನೋಡುವುದು. ಕರೆಂಟು ಹೋದರೆ ಯುಪಿಎಸ್ ಕೂಗುತ್ತದೆ, ಅಮ್ಮ ಏಳುತ್ತಾರೆ. ಈ ಆಟದ ಮೊದಲ ದೋಷ ಇದೇ, ಮತ್ತು ಇದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಕತೆಯ ಭಾಗ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತೆಗೆಯುವ ಅನುಕೂಲ ಆಮೇಲೆ ಕೊಟ್ಟರು. ಮೊದಲೇ ಕೊಡಬಹುದಿತ್ತು.

ಸೆಟ್ಟಿಂಗ್ಸ್‌ನಲ್ಲಿ ಕಾಲ ಕಳೆಯುವುದು ನನಗೆ ಬೇಸರದ ವಿಷಯ ಅಲ್ಲ. ಚಿತ್ರಕ್ಕೆ ಕಾಳುಕಾಳು ತರುವ ಫಿಲ್ಮ್ ಗ್ರೇನ್, ತಿರುಗುವಾಗ ಮಸುಕು ಮಾಡುವ ಮೋಷನ್ ಬ್ಲರ್ ಎರಡೂ ಆಫ್. ಫೀಲ್ಡ್ ಆಫ್ ವ್ಯೂ, ಅಂದರೆ ಕಣ್ಣಿಗೆ ಎಷ್ಟು ಅಗಲ ಕಾಣಬೇಕು ಎಂಬುದನ್ನು, ಪಿಸಿಯಲ್ಲಿ 120 ಡಿಗ್ರಿಯವರೆಗೂ ಏರಿಸಬಹುದು, ನಾನು 100ರ ಹತ್ತಿರ ನಿಲ್ಲಿಸಿದೆ. ಅದಕ್ಕಿಂತ ಕಡಿಮೆಯಾದರೆ ತಲೆ ತಿರುಗುತ್ತದೆ. ಹಿನ್ನೆಲೆ ಸಂಗೀತ ಸೊನ್ನೆ. ಆಮೇಲೆ ಕಂಪ್ಯೂಟರೇ ಆಡಿಸುವ ಬಾಟ್‌ಗಳ ಜೊತೆ ಪ್ರೈವೇಟ್ ಮ್ಯಾಚ್ ಹಾಕಿ, ಒಂದೇ ಬಂದೂಕು, ಒಂದೇ ಜಾಗ, ಆಡಿಯೋ ಮಿಕ್ಸಿನ ಆಯ್ಕೆಗಳನ್ನು ಒಂದೊಂದಾಗಿ ಬದಲಿಸಿ ಕೇಳಿದೆ. ಸ್ಪೀಕರ್ ಕಟ್ಟಿದ ಮೇಲೆ ನಾವು ಯಾವಾಗಲೂ ಅದೇ ಒಂದು ಪರಿಚಯದ ಹಾಡು ಹಾಕಿ ನೋಡುವುದೂ ಇದಕ್ಕೇ. ಬಾಸ್ ಏರಿಸಿದ ಮಿಕ್ಸಿನಲ್ಲಿ ಬಾಂಬು ಗಡಗಡಿಸುತ್ತದೆ, ಆದರೆ ಹೆಜ್ಜೆಯ ಸದ್ದು ಅದರಡಿ ಹೂತುಹೋಗುತ್ತದೆ. ಅದನ್ನು ಬಿಟ್ಟೆ.

ಈಗ ನಿಜವಾದ ಹೊಗಳಿಕೆಗೆ ಬರುತ್ತೇನೆ. ಬಂದೂಕಿನ ಸದ್ದಿನಲ್ಲಿ ಎರಡು ಭಾಗ ಉಂಟು: ಮೊದಲ ಹೊಡೆತ, ಅದರ ಹಿಂದೆ ಬರುವ ಬಾಲ. ಹೊಡೆತ ಎಲ್ಲಿ ಹಾರಿಸಿದರೂ ಹೆಚ್ಚುಕಡಿಮೆ ಒಂದೇ. ನಾವು ಎಂಥ ಜಾಗದಲ್ಲಿ ನಿಂತಿದ್ದೇವೆ ಅಂತ ಹೇಳುವುದು ಬಾಲ. ಕೊಯ್ಲಾದ ಗದ್ದೆಯಲ್ಲಿ ಬಾರಿಸಿದ ಚೆಂಡೆಗೂ ಪುರಭವನದ ಒಳಗೆ ಬಾರಿಸಿದ ಅದೇ ಚೆಂಡೆಗೂ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚಿನ ಶೂಟರ್ ಆಟಗಳು ಇದನ್ನು ತಲೆಗೇ ಹಾಕಿಕೊಳ್ಳುವುದಿಲ್ಲ. ಕೋಣೆ, ಬೀದಿ, ಬಯಲು, ಎಲ್ಲ ಕಡೆ ಒಂದೇ ಢಂ. ಇಲ್ಲಿ ಆಟ ಮಾಡಿದ ಇನ್ಫಿನಿಟಿ ವಾರ್ಡ್‌ನವರು ಮೈಮುರಿದು ಕೆಲಸ ಮಾಡಿದ್ದಾರೆ. ಸಣ್ಣ ಕೋಣೆಯಲ್ಲಿ ಹಾರಿಸಿದರೆ ಸದ್ದು ಗೋಡೆಗೆ ಬಡಿದು ಕೂಡಲೇ ಮುಖಕ್ಕೆ ಬರುತ್ತದೆ. ಎರಡೂ ಬದಿ ಕಟ್ಟಡ ಇರುವ ಬೀದಿಯಲ್ಲಿ ತುಂಡುತುಂಡಾಗಿ ಮರಳುತ್ತದೆ. ಬಯಲಿನಲ್ಲಿ ಉರುಳಿಕೊಂಡು ದೂರ ಹೋಗುತ್ತದೆ. ಕಣ್ಣು ಮುಚ್ಚಿ ಕೂತರೂ ಎಲ್ಲಿದ್ದೇನೆ ಅಂತ ಹೇಳಬಹುದು. ನಾನು ಕೂತು ನೋಡಿದ್ದೇನೆ.

ಇದರ ಪೂರ್ತಿ ಬೆಲೆ ತಿಳಿಯುವುದು 'ಕ್ಲೀನ್ ಹೌಸ್' ಎಂಬ ಅಧ್ಯಾಯದಲ್ಲಿ. ಲಂಡನ್ನಿನ ಕ್ಯಾಮ್ಡೆನ್ ಪ್ರದೇಶದಲ್ಲಿ ಉಗ್ರರು ಅಡಗಿರುವ ಒಂದು ಮನೆ, ಮಾಳಿಗೆಯ ಮೇಲೆ ಮಾಳಿಗೆ, ಇಕ್ಕಟ್ಟಿನ ಮೆಟ್ಟಿಲು. ದೀಪ ಆರಿದೆ. ಕತ್ತಲಲ್ಲೂ ಕಾಣುವ ನೈಟ್ ವಿಷನ್ ಹಾಕಿಕೊಂಡು, ಕತೆಯ ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ಪ್ರೈಸ್‌ನ ತಂಡದ ಜೊತೆ ಒಂದೊಂದೇ ಕೋಣೆಗೆ ನುಗ್ಗಬೇಕು. ಬಾಗಿಲನ್ನು ಒದ್ದು ತೆಗೆಯುವುದೂ ಉಂಟು, ಒಂದಿಂಚು ಸರಿಸಿ ಇಣುಕುವುದೂ ಉಂಟು. ಗೋಡೆಯಾಚೆ ಪಿಸುಮಾತು, ಮೇಲಿನ ಹಲಗೆಯ ಕಿರಕ್ ಸದ್ದು, ಎಲ್ಲಿಂದಲೋ ಮಗುವಿನ ಅಳು. ಬಾಗಿಲು ತೆರೆದಾಗ ಒಬ್ಬ ಹೆಂಗಸು ಓಡುತ್ತಾಳೆ. ಬಂದೂಕಿಗೆ ಓಡಿದಳು ಅಂದುಕೊಂಡು ಬೆರಳು ಒತ್ತಿದರೆ ಮುಗಿಯಿತು, ಅವಳು ಓಡಿದ್ದು ತೊಟ್ಟಿಲಿನ ಮಗುವಿನ ಹತ್ತಿರ. ಕೊನೆಗೆ ಅಟ್ಟದಲ್ಲಿ ಇನ್ನೊಬ್ಬಳು ಕೈಮುಗಿದವಳ ಹಾಗೆ ಬೇಡುತ್ತಾ ಬಾಂಬು ಸಿಡಿಸುವ ಡಿಟೋನೇಟರಿಗೆ ಕೈ ಚಾಚುತ್ತಾಳೆ. ಇಬ್ಬರಿಗೂ ಒಂದೇ ನಿಯಮ ಹಿಡಿದುಕೊಂಡರೆ ಆಗುವುದಿಲ್ಲ. ನೋಡಬೇಕು, ಅದಕ್ಕಿಂತ ಹೆಚ್ಚು ಕೇಳಬೇಕು. ನಾನು ಎಷ್ಟು ನಿಧಾನ ಹೋದೆನೆಂದರೆ, ಫೋನಿನಲ್ಲಿ ಕಾಯುತ್ತಿದ್ದ ಹುಡುಗ, "ಎಂತ ಚಿಕ್ಕಪ್ಪ, ಇನ್ನೂ ಎರಡನೇ ಮಾಳಿಗೆಯಾ?" ಅಂತ ಕೇಳಿದ. ಹೌದು ಮಾರಾಯ, ಇನ್ನೂ ಎರಡನೇ ಮಾಳಿಗೆಯೇ.

ಬಂದೂಕನ್ನು ಕೈಯಲ್ಲಿ ಹಿಡಿದ ಅನುಭವವೂ ಚೆನ್ನಾಗಿದೆ. ಮ್ಯಾಗಜಿನ್ ಪೂರ್ತಿ ಖಾಲಿಯಾದಾಗ ತುಂಬುವ ರೀತಿ ಬೇರೆ, ಒಂದು ಗುಂಡು ಉಳಿದಿದ್ದಾಗ ಬೇರೆ. ಗುರಿ ಹಿಡಿದುಕೊಂಡೇ ತುಂಬಬಹುದು. ಇಂಥ ಸಣ್ಣ ಸಂಗತಿಗಳಿಗೆ ತಲೆಕೆಡಿಸಿಕೊಂಡವರ ಮೇಲೆ ನನಗೆ ಗೌರವ ಇದೆ. ಒಂದೇ ತಕರಾರು, ಫ್ಲ್ಯಾಷ್ ಗ್ರೆನೇಡ್ ಸಿಡಿದಾಗ ಕಿವಿಯಲ್ಲಿ ಕುಂಯ್ ಅಂತ ಕೊರೆಯುವ ಆ ಸದ್ದು. ನಮ್ಮ ಕಸುಬಿನಲ್ಲಿ ಕಿವಿಯೇ ಬಂಡವಾಳ. ಹಗಲು ಮೈಕಿನ ಕಿರುಚಾಟ, ಅಂದರೆ ಫೀಡ್‌ಬ್ಯಾಕ್, ಕೇಳಿ ಬಂದವನಿಗೆ ರಾತ್ರಿ ದುಡ್ಡು ಕೊಟ್ಟು ಅದನ್ನೇ ಕೇಳುವ ಹಣೆಬರಹ ಯಾಕೆ?

ಕತೆಗೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಉರ್ಜಿಕ್‌ಸ್ತಾನ್ ಎಂಬ ಕಾಲ್ಪನಿಕ ದೇಶ, ಅದನ್ನು ಆಕ್ರಮಿಸಿದ ರಷ್ಯನ್ ಜನರಲ್ ಬಾರ್ಕೊವ್, ಅವನ ವಿರುದ್ಧ ಹೋರಾಡುವ ಫರಾಹ್. 'ಹೋಮ್‌ಟೌನ್' ಎಂಬ ಅಧ್ಯಾಯದಲ್ಲಿ ನಾವೇ ಆ ಫರಾಹ್, ಇನ್ನೂ ಸಣ್ಣ ಹುಡುಗಿ. ಮನೆಯೊಳಗೆ ನುಗ್ಗಿದ ಸೈನಿಕನಿಂದ ಅಡಗುತ್ತಾ, ಕೈಗೆ ಸಿಕ್ಕ ಸ್ಕ್ರೂಡ್ರೈವರಿನಿಂದ ಚುಚ್ಚಿ ಓಡಬೇಕು. ಹೊರಗೆ ಬೀದಿಯಲ್ಲಿ ವಿಷದ ಗಾಳಿ. ಅದು ಬಲವಾದ ಭಾಗ, ಅಲ್ಲಗಳೆಯುವುದಿಲ್ಲ.

ಆದರೆ ಅದಕ್ಕಿಂತ ಮೊದಲು 'ಹೈವೇ ಆಫ್ ಡೆತ್' ಎಂಬ ಅಧ್ಯಾಯ ಬರುತ್ತದೆ. ಆಟವಾಗಿ ಅದೂ ಒಳ್ಳೆಯದೇ: ದೂರದಿಂದ ಸ್ನೈಪರ್ ಹಿಡಿದು ಗುರಿ ಇಡುವುದು, ಗಾಳಿ ಎಷ್ಟು ಎಳೆಯುತ್ತದೆ, ಗುಂಡು ಎಷ್ಟು ಕೆಳಗೆ ಬೀಳುತ್ತದೆ ಎಂಬ ಲೆಕ್ಕ. ತಕರಾರಿರುವುದು ಹೆಸರಿನಲ್ಲಿ. ಸುಟ್ಟ ವಾಹನಗಳ ಆ ಹೆದ್ದಾರಿಯನ್ನು ತೋರಿಸಿ ಫರಾಹ್ ಹೇಳುವುದು, ಓಡಿಹೋಗುತ್ತಿದ್ದ ಜನರ ಮೇಲೆ ರಷ್ಯನ್ನರು ಬಾಂಬು ಹಾಕಿದರು ಅಂತ. ಆ ಹೆಸರಿನ ರಸ್ತೆ ನಿಜವಾಗಿ ಇರುವುದು ಕುವೈತಿನಲ್ಲಿ, ಹೈವೇ 80. 1991ರ ಫೆಬ್ರವರಿ ಕೊನೆಗೆ ಕುವೈತ್ ಬಿಟ್ಟು ಹಿಂದೆ ಸರಿಯುತ್ತಿದ್ದ ಇರಾಕಿ ಪಡೆಗಳ ಮೇಲೆ ಅಲ್ಲಿ ಬಾಂಬು ಸುರಿಸಿದ್ದು ಅಮೆರಿಕ ಮತ್ತು ಅದರ ಮಿತ್ರಪಡೆಗಳ ವಿಮಾನಗಳು.

ಇದು ಬೇರೆ ಕಡೆಯವರಿಗೆ ಇತಿಹಾಸದ ಪುಸ್ತಕದ ವಿಷಯ ಇರಬಹುದು. ನಮ್ಮ ಕರಾವಳಿಗೆ ಕುವೈತ್ ಪಕ್ಕದ ಮನೆ. 1990ರಲ್ಲಿ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದ ಮೇಲೆ ಏರ್ ಇಂಡಿಯಾ ಜೋರ್ಡಾನಿನ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತಲ್ಲ, ನನ್ನ ಸೋದರಮಾವ ಅದರಲ್ಲಿ ಒಬ್ಬರು. ಒಂದು ಸೂಟ್‌ಕೇಸ್ ಹಿಡಿದುಕೊಂಡು ಊರಿಗೆ ಬಂದವರು. ಅವರಿಗೆ ಆ ಭಾಗ ಆಡಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ಜಹ್ರಾ ದಾಟಿ ಬಸ್ರಾಕ್ಕೆ ಹೋಗುವ ರೋಡಿನ ಹೆಸರಲ್ವನಾ? ಅಲ್ಲಿ ಬಾಂಬು ಹಾಕಿದ್ದು ಅಮೆರಿಕದವರಲ್ವ?" ಅಂದರು. ಹೌದು ಮಾವ. "ಮತ್ತೆ ಇದರಲ್ಲಿ ಯಾಕೆ ಹೀಗೆ?" ದೇಶವೇ ಕಾಲ್ಪನಿಕ ಎಂಬ ಸಮಜಾಯಿಷಿಯನ್ನು ನಾನು ಹೇಳಿದೆ. "ಕಾಲ್ಪನಿಕ ಆದ್ರೆ ಹೆಸರೂ ಕಾಲ್ಪನಿಕ ಇಡ್ಬೇಕಿತ್ತು" ಅಂತ ಹೇಳಿ ಚಹಾಕ್ಕೆ ಎದ್ದು ಹೋದರು. ಇದರ ಮೇಲೆ ನಾನು ಸೇರಿಸುವುದು ಏನೂ ಇಲ್ಲ. ಗುಂಡಿನ ಬಾಲ ಯಾವ ಗೋಡೆಗೆ ಬಡಿದು ಬರಬೇಕು ಅಂತ ಅಷ್ಟು ತಲೆಕೆಡಿಸಿಕೊಂಡವರು, ಬಾಂಬು ಯಾರ ವಿಮಾನದಿಂದ ಬಿತ್ತು ಎಂಬಲ್ಲಿ ಮಾತ್ರ ಇಷ್ಟು ಸಡಿಲ ಬಿಟ್ಟದ್ದು ನನಗೆ ಅರಗುವುದಿಲ್ಲ.

ಅದೇ ಸಡಿಲು ನೆಟ್‌ನಲ್ಲಿ ಬೇರೆಯವರ ಎದುರು ಆಡುವ ಮಲ್ಟಿಪ್ಲೇಯರಿನಲ್ಲೂ ಉಂಟು. ಕತೆಯಲ್ಲಿ ಊರಿನ ಮೇಲೆ ವಿಷಗಾಳಿ ಬಿಟ್ಟದ್ದು ಖಳರ ಪಾತಕ. ಮಲ್ಟಿಪ್ಲೇಯರಿನಲ್ಲಿ ಸಾಯದೆ ಸಾಲಾಗಿ ಎದುರಾಳಿಗಳನ್ನು ಕೊಂದರೆ ನಮಗೆ ಸಿಗುವ ಬಹುಮಾನಗಳಲ್ಲಿ ಒಂದು ಬಿಳಿ ರಂಜಕ. ಚರ್ಮ ಸುಟ್ಟು ಒಳಗಿಳಿಯುವ ವಸ್ತು ಅದು. ಮ್ಯಾಪ್, ಅಂದರೆ ಕಾದಾಟದ ಕಣದ ಮೇಲೆ ಉದುರಿ ಎಲ್ಲರೂ ಕೆಮ್ಮುತ್ತಾರೆ, ಸ್ಕ್ರೀನಿನ ಮೇಲೆ ಅಂಕ ಏರುತ್ತದೆ.

ಇನ್ನು ಆಟದ ಮಟ್ಟಿಗೆ. ಇಲ್ಲಿ ಹೆಜ್ಜೆಯ ಸದ್ದು ಜೋರು. ಹಿಂದಿನ ಆಟಗಳಲ್ಲಿ ಹೆಜ್ಜೆ ಅಡಗಿಸುವ ಸೌಲಭ್ಯ ಯಾವಾಗಲೂ ಜೊತೆಗಿರುತ್ತಿತ್ತು. ಇಲ್ಲಿ ಡೆಡ್ ಸೈಲೆನ್ಸ್ ಅಂದರೆ ಕಾದು ಕಾದು ಸ್ವಲ್ಪ ಹೊತ್ತಿಗೆ ಮಾತ್ರ ಸಿಗುವಂಥದ್ದು. ಬಾಗಿಲಿನ ಅಂಚಿಗೆ ಬಂದೂಕು ಒರಗಿಸಿ ನಿಲ್ಲಬಹುದು, ಹಿಂದೆ ಕ್ಲೇಮೋರ್ ಎಂಬ ನೆಲಬಾಂಬು ಇಡಬಹುದು. ಇದೆಲ್ಲ ಸೇರಿದರೆ ಏನಾಗುತ್ತದೆ? ಓಡುವವನ ಸದ್ದು ಎಲ್ಲರಿಗೂ ಕೇಳುತ್ತದೆ, ಕೂತವನದ್ದು ಯಾರಿಗೂ ಕೇಳುವುದಿಲ್ಲ. ನನ್ನಂಥ ಕಿವಿಯ ಮನುಷ್ಯನಿಗೆ ಇದು ಹಬ್ಬ. ಪಿಕಾಡಿಲಿ ಮ್ಯಾಪಿನಲ್ಲಿ ಒಂದು ಅಂಗಡಿಯೊಳಗೆ ಕೂತು, ಹೆಜ್ಜೆ ಕೇಳಿದ ಕಡೆ ಬಂದೂಕು ತಿರುಗಿಸಿದರೆ ಆಯಿತು. ಬೆರಳಿನ ಚುರುಕಿನಲ್ಲಿ ನನಗಿಂತ ಎಷ್ಟೋ ಪಾಲು ಮೇಲಿರುವ ಅಣ್ಣನ ಮಗ ಓಡಿ ಓಡಿ ಸಾಯುತ್ತಿದ್ದ, ನಾನು ಕೂತಲ್ಲೇ ಪಟ್ಟಿಯ ಮೇಲ್ಭಾಗದಲ್ಲಿ. "ಮೂಲೆ ಬಿಟ್ಟು ಬನ್ನಿ ಚಿಕ್ಕಪ್ಪ, ಇದೆಂತ ಆಟ?" ಅಂತ ಅವನ ಗೋಳು. ಅವನ ಮಾತು ಸರಿಯೇ. ಗೆದ್ದರೂ ಅದರಲ್ಲಿ ರುಚಿ ಇರಲಿಲ್ಲ. ಕ್ಲೀನ್ ಹೌಸಿನಲ್ಲಿ ಕೇಳುವುದು ಮುಂದೆ ಹೋಗುವುದಕ್ಕೆ ದಾರಿ. ಇಲ್ಲಿ ಅದು ಕೂತಲ್ಲೇ ಕೂರುವುದಕ್ಕೆ ನೆಪ.

ಇನ್ನೊಂದು ಕೊರತೆ, ಕೆಲಸದವನಾಗಿ ನನಗೆ ಬೇಗ ಕಂಡದ್ದು: ಮೇಲಿನ ಮಾಳಿಗೆಯ ಹೆಜ್ಜೆಯೋ ಕೆಳಗಿನದ್ದೋ ಗೊತ್ತಾಗುವುದಿಲ್ಲ. ಎಡ ಬಲ ನಮಗೆ ತಿಳಿಯುವುದು ಸದ್ದು ಒಂದು ಕಿವಿಗೆ ಕೂದಲೆಳೆಯಷ್ಟು ಮೊದಲು, ಸ್ವಲ್ಪ ಜೋರಾಗಿ ಮುಟ್ಟುವುದರಿಂದ. ಅದನ್ನು ಯಾವ ಹೆಡ್‌ಫೋನಿನಲ್ಲೂ ಮಾಡಿ ತೋರಿಸಬಹುದು. ಮೇಲೆ ಕೆಳಗೆ ತಿಳಿಯುವುದು ಹೊರಕಿವಿಯ ಮಡಿಕೆಗಳು ಸದ್ದನ್ನು ಸೋಸುವ ರೀತಿಯಿಂದ, ಆ ಮಡಿಕೆಗಳೋ ಒಬ್ಬೊಬ್ಬರದ್ದು ಒಂದೊಂದು ಆಕಾರ. ಸಾಫ್ಟ್‌ವೇರಿನಲ್ಲಿ ಎಲ್ಲರಿಗೂ ಹೊಂದುವ ಹಾಗೆ ಅದನ್ನು ತರುವುದು ಕಷ್ಟ, ಒಪ್ಪುತ್ತೇನೆ. ಆದರೆ ಎರಡು ಮೂರು ಮಾಳಿಗೆಯ ಮನೆಗಳನ್ನು ಮ್ಯಾಪಿನ ತುಂಬ ಕಟ್ಟಿ ಇಟ್ಟವರು ಇದಕ್ಕೊಂದು ದಾರಿ ನೋಡಬೇಕಿತ್ತು. ಮಹಡಿ ಬದಲಾದರೆ ಸದ್ದನ್ನು ಸ್ವಲ್ಪ ಮಂದ ಮಾಡಿದರೂ ಸಾಕಿತ್ತು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಈ ಚರ್ಚೆಯೇ ಮುಗಿಯಿತು. ನನ್ನ ಕೋಣೆಯ ಮೇಲೆ ಇರುವುದು ತಗಡಿನ ಶೀಟು. ಮಂಗಳೂರಿನ ಮಳೆ ಅದರ ಮೇಲೆ ಬಿದ್ದರೆ ಎದುರು ಕೂತವರ ಮಾತೇ ಕೇಳುವುದಿಲ್ಲ, ಇನ್ನು ಹೆಜ್ಜೆಯ ಸದ್ದೆಲ್ಲಿ? ಜೊತೆಗೆ ಪಿಂಗ್ ಏರಿ, ಅಂದರೆ ನೆಟ್ ತಡವಾಗಿ, ಮೊದಲು ಹಾರಿಸಿದವನು ನಾನಾದರೂ ಸಾಯುವವನೂ ನಾನೇ. ಪಟ್ಟಿಯ ಮೇಲ್ಭಾಗದಿಂದ ತಳಕ್ಕೆ ಇಳಿಯಲು ಒಂದು ಸಂಜೆ ಸಾಕಾಯಿತು. ಹುಡುಗ ಖುಷಿಪಟ್ಟ.

ಇದೇ ಆಟಕ್ಕೆ ಅಂಟಿಕೊಂಡು ಬಂದ, ಕೊನೆಗೆ ಉಳಿದವರೇ ಗೆಲ್ಲುವ ವಾರ್‌ಜೋನ್ ಎಂಬ ಆನ್‌ಲೈನ್ ಆಟದ ಬಗ್ಗೆ ಹೆಚ್ಚು ಹೇಳಲು ನನ್ನ ಹತ್ತಿರ ಇಲ್ಲ. 2020ರ ಮಾರ್ಚ್ 10ಕ್ಕೆ ಉಚಿತವಾಗಿ ಬಂತು, ವೆರ್ಡಾನ್ಸ್ಕ್ ಎಂಬ ಊರಿನಲ್ಲಿ 150 ಮಂದಿ. ಸತ್ತವರನ್ನು ಗುಲಾಗ್ ಎಂಬ ಸೆರೆಮನೆಗೆ ಹಾಕಿ ಒಬ್ಬರಿಗೊಬ್ಬರು ಕಾದಾಡಲು ಬಿಟ್ಟು, ಗೆದ್ದವರನ್ನು ವಾಪಸ್ ಕಳಿಸುವ ಉಪಾಯ ಚೆನ್ನಾಗಿತ್ತು. ಕಳ್ಳಾಟದವರ ಕಾಟ ಅತಿಯಾಯಿತು. ಆ ಹಳೆಯ ವಾರ್‌ಜೋನಿನ ಸರ್ವರುಗಳನ್ನು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಸ್ಪೆಷಲ್ ಆಪ್ಸ್ ಎಂಬ ಇನ್ನೊಂದು ಭಾಗ ಉಂಟು. ಶತ್ರುಗಳು ಬರುತ್ತಲೇ ಇರುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ.

ಈಗಲೂ ಕೆಲವರು ಕೇಳುತ್ತಾರೆ, ತೆಗೆದುಕೊಳ್ಳಬಹುದಾ ಅಂತ. 2023ರ ಮಾರ್ಚಿನಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲೂ ಇದೆ, ಡಿಸ್ಕೌಂಟ್ ಬಿದ್ದಾಗ ನೋಡಿ. ಕತೆಯ ಭಾಗ ಐದಾರು ಗಂಟೆಯದ್ದು. ಕ್ಲೀನ್ ಹೌಸ್ ಒಂದಕ್ಕೇ ನಾನು ಅದನ್ನು ಮತ್ತೆ ಮತ್ತೆ ಆಡಿದ್ದೇನೆ. ಮಲ್ಟಿಪ್ಲೇಯರ್ ಬೇಕೆಂದರೆ ದೊಡ್ಡ ಮ್ಯಾಪುಗಳನ್ನು ಬಿಟ್ಟು ಇಬ್ಬರಿಗಿಬ್ಬರ ಗನ್‌ಫೈಟ್ ಆಡಿ, ಅಲ್ಲಿ ಕೂರಲು ಜಾಗವೂ ಇಲ್ಲ ಸಮಯವೂ ಇಲ್ಲ. ಬಣ್ಣಬಣ್ಣದ ದೀಪ ಉರಿಯುವ ಗೇಮಿಂಗ್ ಹೆಡ್‌ಸೆಟ್ಟಿಗೆ ದುಡ್ಡು ಸುರಿಯಬೇಡಿ. ಅದೇ ದುಡ್ಡಿಗೆ ಸ್ಟುಡಿಯೋದವರು ಬಳಸುವ ತಂತಿಯ ಹೆಡ್‌ಫೋನ್ ಒಂದನ್ನು ತೆಗೆದುಕೊಂಡು, ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ ಇಟ್ಟು ಆಡಿ. ಮಳೆಗಾಲ ಕಳೆದ ಮೇಲೆ ಆದರೆ ಇನ್ನೂ ಒಳ್ಳೆಯದು.