ಮಧ್ಯಾಹ್ನ ಹತ್ತುತ್ತಿತ್ತು, ಬೆಳಗ್ಗೆ ಕೈ ಕೊಡುತ್ತಿತ್ತು

ನಮ್ಮ ಮನೆ ದಾವಣಗೆರೆ ವಿದ್ಯಾನಗರದಲ್ಲಿ. ಮೇಲಿನ ಎರಡು ಮಹಡಿ ಪಿಜಿ ಹುಡುಗರಿಗೆ ಬಿಟ್ಟಿದ್ದೇವೆ. ಹಂಡೆ ಒಲೆ ಹಚ್ಚಿದರೆ ಹೊಗೆ ಅಂತ ಪಕ್ಕದ ಮನೆಯವರ ಜಗಳ, ಮೋಡ ಕವಿದರೆ ಸೋಲಾರ್ ಸೊನ್ನೆ. ಅದಕ್ಕೆ ಹರಿಹರದಲ್ಲಿ ಮುಚ್ಚಿದ ಒಂದು ಲಾಡ್ಜಿನಿಂದ ಹಳೇ ಡೀಸೆಲ್ ಬಾಯ್ಲರ್ ತಂದೆ. ಸುಮಾರು 40 ಸಾವಿರ ಬಿತ್ತು.

ವರ್ಷ ಚೆನ್ನಾಗೇ ನಡೆಯಿತು. ಆಮೇಲೆ ಶುರುವಾಯಿತು ಕಾಟ. ಬೆಳಗ್ಗೆ 5ಕ್ಕೆ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತೆ, ಕಿಡಿ ಚಟಚಟ ಅನ್ನುತ್ತೆ, ಬೆಂಕಿ ಮಾತ್ರ ಇಲ್ಲ, ಕೆಂಪು ದೀಪ. ರೀಸೆಟ್ ಒತ್ತು, ಮತ್ತೆ ಕೆಂಪು. ನಾಲ್ಕೈದು ಸಲಕ್ಕೆ ಒಮ್ಮೆ ಹತ್ತುತ್ತಿತ್ತು. ಹೀಗೆ ಒತ್ತುತ್ತಾ ಒಂದಿನ, ಒಳಗೆ ಬಿಕ್ಕಿ ಬಿಕ್ಕಿ ಬಂದು ಸೇರಿದ್ದ ಡೀಸೆಲ್ಲೆಲ್ಲ ಒಟ್ಟಿಗೇ ಹೊತ್ತಿ ಢಂ ಅಂತು, ಚಿಮಣಿಯ ಮಸಿ ಹೋಗಿ ಎದುರು ಮನೆ ರಂಗೋಲಿ ಮೇಲೆ ಕೂತಿತು. ಆವತ್ತಿನಿಂದ ಎರಡು ಸಲಕ್ಕಿಂತ ಜಾಸ್ತಿ ರೀಸೆಟ್ ಒತ್ತಲ್ಲ.

ಮೆಕ್ಯಾನಿಕ್ ಬಂದ. ಕಿಡಿ ಕೊಡುವ ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಅಂದ, 4 ಸಾವಿರ. ಕಂಟ್ರೋಲ್ ಬಾಕ್ಸ್ ಅಂದ, ಆರೂವರೆ ಸಾವಿರ. ಡೀಸೆಲ್ ಚಿಮ್ಮಿಸುವ ನಾಝಲ್, ಕಿಡಿ ಹಾರುವ ಎಲೆಕ್ಟ್ರೋಡ್, ಓಡಾಟ ಸೇರಿ 13-14 ಸಾವಿರ ಹೋಯಿತು. ಬೆಂಕಿ ಹತ್ತಿತಾ ಅಂತ ನೋಡುವ ಫೋಟೊಸೆಲ್ ನಾನೇ ಬಿಚ್ಚಿ ಒರೆಸಿದೆ. ಮರುದಿನ ಬೆಳಗ್ಗೆ ಅದೇ ಕೆಂಪು ದೀಪ.

ನಡುವೆ ಇನ್ನೊಂದು ಹುಚ್ಚು. ನಮ್ಮೂರಲ್ಲಿ ಮಿರ್ಚಿ ಕರಿದ ಎಣ್ಣೆಗೆ ಬರವಾ? ಸೋಸಿ ಡೀಸೆಲ್‌ಗೆ ಕಾಲು ಭಾಗ ಬೆರೆಸಿದೆ. ಮೂರು ದಿನ ಬಾಯ್ಲರ್ ಮನೆಯೆಲ್ಲ ಬಜ್ಜಿ ವಾಸನೆ, ನಾಲ್ಕನೇ ದಿನ ಹೊಸ ನಾಝಲ್ ಕಟ್ಟಿಕೊಂಡಿತು. 1,200 ರೂಪಾಯಿ ನೀರಲ್ಲಿ ಹೋಮ.

ಆಮೇಲೆ ಹೊಳೆದದ್ದು ಇಷ್ಟು: ಬೆಳಗ್ಗೆ ಹತ್ತದ ಬಾಯ್ಲರ್ ಮಧ್ಯಾಹ್ನ ಒಂದೇ ಸಲಕ್ಕೆ ಹತ್ತುತ್ತೆ. ಕರೆಂಟಿನ ಸಾಮಾನು ಕೆಟ್ಟಿದ್ದರೆ ಹೊತ್ತು ನೋಡಿ ಕೆಡುತ್ತಾ? ಡೀಸೆಲ್ ಡ್ರಮ್ಮಿನಿಂದ ಪಂಪಿಗೆ ಬರುವ ಸಕ್ಷನ್ ಪೈಪ್ ಬಿಚ್ಚಿ ಒಂದಡಿ ಪಾರದರ್ಶಕ ಹೋಸ್ ಹಾಕಿದೆ. ಬೆಳಗ್ಗೆ ನೋಡಿದರೆ ಹೋಸ್ ಖಾಲಿ. ಡ್ರಮ್ ಪಂಪಿಗಿಂತ ಕೆಳಗಿತ್ತು, ರಾತ್ರಿಯೆಲ್ಲ ಎಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ವಾಪಸ್ ಡ್ರಮ್ಮಿಗೆ ಇಳಿದುಬಿಡುತ್ತಿತ್ತು. ಎಲ್ಲಿಂದ ಅಂತ ಹೇಗೆ ಹುಡುಕೋದು? ಗಾಳಿ ಎಳೆಯುವ ಸಂದು ಹೊರಗೆ ಒಂದು ಹನಿ ಸುರಿಸಲ್ಲ.

ಮೇಲಿಂದ ಡೀಸೆಲ್ ಒತ್ತಿದರೆ ಅದೇ ಸಂದಿನಿಂದ ಹೊರಗೆ ಒಸರಲೇಬೇಕು ಅಂತ, ನಾಲ್ಕು ಸಾಲು ಸಿಮೆಂಟ್ ಇಟ್ಟಿಗೆ ಕಟ್ಟಿ ಡ್ರಮ್ಮನ್ನೇ ಪಂಪಿಗಿಂತ ಮೇಲೆ ಕೂರಿಸಿದೆ. ಮೆಕ್ಯಾನಿಕ್ ನಕ್ಕ. ಮಂಡಕ್ಕಿ ಭಟ್ಟಿ ಇಟ್ಟಿರೋ ಗೆಳೆಯನಂತೂ, “ಡ್ರಮ್ಮಿಗೆ ಕಟ್ಟೆ ಕಟ್ಟಿ ಪೂಜೆ ಮಾಡ್ತೀಯೇನೋ, ಭತ್ತದ ಹೊಟ್ಟು ಕಳಿಸ್ತೀನಿ, ಸುಮ್ನೆ ಅದನ್ನೇ ಉರಿಸು” ಅಂದ. ಎರಡು ಗಂಟೆ ಕಾದೆ. ಫಿಲ್ಟರ್ ಬಟ್ಟಲಿನ ಅಂಚಲ್ಲಿ ಬೆವರಿನ ಹಾಗೆ ಡೀಸೆಲ್ ಒಸರಿತು! ಒಳಗಿನ ರಬ್ಬರ್ ವಾಷರ್ ಹಪ್ಪಳದ ಹಾಗೆ ಒಣಗಿ ಸೀಳಿತ್ತು. ಹೊಸದಕ್ಕೆ 60 ರೂಪಾಯಿ.

ಪಂಪಿನ ಗಾಳಿ ತೆಗೆದು ಹಚ್ಚಿದೆ, ಮೊದಲ ಸಲಕ್ಕೇ ಬುಸ್ ಅಂತ ಹತ್ತಿತು. ನಾಲ್ಕು ತಿಂಗಳಾಯಿತು, ಒಂದಿನವೂ ಕೆಂಪು ದೀಪ ಇಲ್ಲ. ಡ್ರಮ್ ಮೇಲೇ ಇದೆ, ರಾತ್ರಿ ಅದರ ವಾಲ್ವ್ ಮಾತ್ರ ಮರೆಯದೆ ಬಂದ್ ಮಾಡುತ್ತೇನೆ. ಎಕ್ಸ್‌ಚೇಂಜ್ ಅಂತ ಮೆಕ್ಯಾನಿಕ್ ಒಯ್ದಿದ್ದ ಹಳೇ ಟ್ರಾನ್ಸ್‌ಫಾರ್ಮರ್, ಕಂಟ್ರೋಲ್ ಬಾಕ್ಸ್ ಎರಡನ್ನೂ ಹೋಗಿ ವಾಪಸ್ ತಂದೆ. ಹಾಕಿ ನೋಡಿದೆ, ಎರಡೂ ಗಟ್ಟಿಮುಟ್ಟಾಗಿವೆ.